ವಾನ್ ಡ ವೆಲ್ಡ್ ತಂದೆ ಮಕ್ಕಳು

1674ನೆಯ ಇಸವಿಯ ಆರಂಭದಲ್ಲಿ ಇಂಗ್ಲೆಂಡಿನ ದೊರೆ ಎರಡನೆಯ ಚಾರ್ಲ್ಸನು ಒಂದು ನಿರೂಪವನ್ನು ಹೊರಡಿಸಿದನು. ಕಡಲ ಕಾಳಗಗಳ ರೇಖಾಚಿತ್ರಗಳನ್ನು ಬರೆಯುವುದಕ್ಕಾಗಿ ತಂದೆಗೆ ವರ್ಷಕ್ಕೆ 100 ಪೌಂಡು. ಆ ರೇಖೆಗಳನ್ನು ವರ್ಣಚಿತ್ರಗಳಾಗಿ ಮಾಡುವುದಕ್ಕಾಗಿ ಮಗನಿಗೆ ಮತ್ತೆ 100 ಪೌಂಡು. ಇಬ್ಬರಿಗೂ ವಿಲ್ಲೆಂ ವಾನ್ ಡ ವೆಲ್ಡ್ ಎಂಬುದೇ ಹೆಸರು. ಇಬ್ಬರೂ ಡಚ್ಚರು. ಇಂಗ್ಲೆಂಡಿಗೂ ಹಾಲೆಂಡಿಗೂ ಯುದ್ಧ ನಡೆಯುತ್ತಿದ್ದಾಗಲೇ ಇವರು ಶತ್ರುರಾಜನ ನಾಡಿಗೆ ಬಂದಿಳಿದಿದ್ದರೆಂಬುದನ್ನು ನಾವು ಗಮನಿಸಬೇಕು.

1611ರಲ್ಲಿ ಲೈಡನ್ ಪಟ್ಟಣದಲ್ಲಿ ಹುಟ್ಟಿದ ತಂದೆಯು ಸಾಮಾನ್ಯ ಚಿತ್ರಗಾರನಲ್ಲ. ಡಚ್ ನೌಕಾಪಡೆಯೊಡನೆ ಸಣ್ಣ ಹಡಗೊಂದರಲ್ಲಿ ಹೋಗಿ, ಗುಂಡುಗಳು ಹಾರುತ್ತಿರುವಾಗಲೇ ಕಾಗದದ ಮೇಲೆ ಕಾಳಗವನ್ನು ಗುರುತಿಸಿಕೊಳ್ಳುತ್ತಿದ್ದನು. 1653ರ ಸ್ಕೆವೆನಿಂಗನ್ ಯುದ್ಧವನ್ನೂ 1666ರ ನಾಲ್ಕು ದಿನಗಳ ಯುದ್ಧವನ್ನೂ ಆತನು ಕಂಡದ್ದು ಹೀಗೆ. ಮನೆಗೆ ಬಂದು, ಬಿಳಿಯ ಬಣ್ಣ ಬಳಿದ ಹಲಗೆಯ ಮೇಲೆ ಲೇಖನಿಯಿಂದ ಹಗ್ಗಹಗ್ಗವನ್ನೂ ಬಿಡದೆ ಬರೆಯುವನು. ಚರಿತ್ರಕಾರನಿಗೆ ಇಂತಹ ಸಾಕ್ಷಿ ದೊರೆಯುವುದು ಅಪರೂಪ. ಮಗನು ಹುಟ್ಟಿದ್ದು 1633ರಲ್ಲಿ. ಸೀಮನ್ ಡ ವ್ಲೀಗರನ ಶಿಷ್ಯ. ಗಾಳಿಯಿಲ್ಲದ ನೀರಿನ ಮೇಲೆ ನಿಂತ ಹಡಗು, ಮೇಲೆ ವಿಶಾಲವಾದ ಆಕಾಶ—ಇವು ಅವನ ಕೈಯ ವಿಶೇಷ.

ಹಾಗಾದರೆ ಇವರು ನಾಡನ್ನು ಬಿಟ್ಟುದೇಕೆ? 1672ರಲ್ಲಿ ಫ್ರೆಂಚರ ಸೈನ್ಯವು ಹಾಲೆಂಡಿನೊಳಕ್ಕೆ ನುಗ್ಗಿತು, ಚಿತ್ರಗಳನ್ನು ಕೊಳ್ಳುವವರಿಲ್ಲದಂತಾಯಿತು. ಬಂದು ನೆಲಸುವ ಡಚ್ಚರಿಗೆ ರಕ್ಷಣೆ ಕೊಡುವೆನೆಂದು ಚಾರ್ಲ್ಸನು ಅದೇ ವರ್ಷ ಸಾರಿದ್ದನು. ಇದನ್ನು ದ್ರೋಹವೆನ್ನಬಹುದೆ? ನಮಗೆ ಹಾಗೆ ತೋರುವುದಿಲ್ಲ. ತನ್ನ ನಾಡಿನ ಹಡಗುಗಳ ಗೆಲವನ್ನು ಚಿತ್ರಿಸಿದ ಕೈಯೇ ಎದುರಾಳಿಯ ಹಡಗುಗಳನ್ನು ಅಷ್ಟೇ ನಿಷ್ಠೆಯಿಂದ ಬರೆಯಿತು. ಒಂದು ಹಾಯಿಯನ್ನೂ ಸುಳ್ಳು ಮಾಡಲಿಲ್ಲ. ಆದರೂ ಅರವತ್ತು ದಾಟಿದ ಮುದುಕನಿಗೆ ಆ ಪ್ರಯಾಣ ಸುಲಭವಾಗಿರಲಾರದು.

ಗ್ರೀನಿಚ್ಚಿನಲ್ಲಿದ್ದ ರಾಣಿಯ ಅರಮನೆಯಲ್ಲಿ ಇವರಿಗೆ ಚಿತ್ರಶಾಲೆಯನ್ನು ಒದಗಿಸಿಕೊಡಲಾಯಿತು. ಇಂಗ್ಲೆಂಡಿಗೆ ಬಂದ ಮೇಲೆ ಮಗನ ಕಡಲಿನಲ್ಲಿ ಬಿರುಗಾಳಿ ಹೆಚ್ಚಿತು, ತಿಳಿನೀರು ಕಡಮೆಯಾಯಿತು. 1687ರಲ್ಲಿ ಅವನು ರಚಿಸಿದ ದೊಡ್ಡ ಚಿತ್ರವೊಂದುಂಟು: 1673ರ ಟೆಕ್ಸೆಲ್ ಯುದ್ಧದ್ದು. ಅದರ ನಡುವೆ ಮೆರೆಯುತ್ತಿರುವ ‘ಗೌಡನ್ ಲೇವ್’ ಎಂಬ ಹಡಗು ಇಂಗ್ಲಿಷರದಲ್ಲ. ಡಚ್ ದಳಪತಿ ಟ್ರಾಂಪನದು!

ತಂದೆಯು 1693ರಲ್ಲಿಯೂ ಮಗನು 1707ರಲ್ಲಿಯೂ ತೀರಿಕೊಂಡರು. ಲಂಡನ್ನಿನ ಪಿಕಡಿಲಿಯ ಸಂತ ಜೇಮ್ಸನ ಇಗರ್ಜಿಯಲ್ಲಿ ಇಬ್ಬರ ಸಮಾಧಿಯೂ ಆಯಿತು. ಅವರು ಕೆಲಸ ಮಾಡಿದ ಗ್ರೀನಿಚ್ಚಿನ ಮನೆ ಈಗ ನೌಕಾ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ತಂದೆ ಮಕ್ಕಳ ಸಾವಿರಕ್ಕೂ ಮಿಕ್ಕ ರೇಖಾಚಿತ್ರಗಳು ಆ ಸಂಗ್ರಹದಲ್ಲಿಯೇ ಇವೆ.