ಟ್ರಾಫಿಕ್ ದಂಡ ಕಟ್ಟದೆ ಬಿಟ್ಟರೆ ಕೇಸು ತಾನಾಗಿಯೇ ಮುಗಿದುಹೋಗುತ್ತದೆಯೇ?

“ಲೋಕ ಅದಾಲತ್ ದಿನ ಹಳೆಯ ಟ್ರಾಫಿಕ್ ದಂಡವೆಲ್ಲ ಮನ್ನಾ. ಅಲ್ಲಿಯವರೆಗೆ ಒಂದು ರೂಪಾಯಿಯೂ ಕಟ್ಟಬೇಡಿ.” ಇಂಥ ಸಂದೇಶಗಳು ಆಗಾಗ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತವೆ. ರಾಜರಾಜೇಶ್ವರಿನಗರದ ಆರ್ಚ್ ದಾಟಿ ಮೈಸೂರು ರಸ್ತೆಗೆ ಇಳಿದು, ನಾಯಂಡಹಳ್ಳಿ ಕಡೆ ದಿನವೂ ಗಾಡಿ ಓಡಿಸುವವರು ಇದನ್ನು ನಂಬಿ ಸುಮ್ಮನಿದ್ದರೆ ನಷ್ಟ ಅವರಿಗೇ. ನಿಜ ಏನೆಂದು ನೋಡೋಣ.

ರಿಯಾಯಿತಿ ಬೇರೆ, ಮನ್ನಾ ಬೇರೆ

2023ರ ಫೆಬ್ರವರಿ 3ರಿಂದ 11ರವರೆಗೆ ರಾಜ್ಯ ಸರ್ಕಾರ ಬಾಕಿ ದಂಡದ ಮೇಲೆ ಶೇ. 50 ರಿಯಾಯಿತಿ ಕೊಟ್ಟಿತ್ತು. ಆ ಒಂಬತ್ತು ದಿನಗಳಲ್ಲಿ ಬೆಂಗಳೂರಿನಲ್ಲೇ 120 ಕೋಟಿ ರೂಪಾಯಿಗೂ ಹೆಚ್ಚು ಸಂಗ್ರಹವಾಯಿತು. ಆಮೇಲೂ, 2025ರ ಆಗಸ್ಟ್–ಸೆಪ್ಟೆಂಬರ್ ಸೇರಿದಂತೆ, ಕೆಲವು ಬಾರಿ ಇಂಥ ಅವಕಾಶ ಸಿಕ್ಕಿದೆ. ಪ್ರತಿ ಬಾರಿಯೂ ಸರ್ಕಾರಿ ಆದೇಶ ಇತ್ತು, ಕೊನೆಯ ದಿನಾಂಕವೂ ಇತ್ತು. ಉಳಿದರ್ಧ ದಂಡವನ್ನು ಕಟ್ಟಲೇಬೇಕಿತ್ತು. ಆದೇಶ ಇಲ್ಲದ ದಿನಗಳಲ್ಲಿ ಪೂರ್ತಿ ದಂಡವೇ ಲೆಕ್ಕ.

ಕೋರ್ಟಿಗೆ ಹೋದರೆ ಏನಾಗುತ್ತದೆ?

ಹೆಲ್ಮೆಟ್ ಇಲ್ಲದಿರುವುದು, ಸಿಗ್ನಲ್ ಜಂಪ್‌ನಂಥ ಸಣ್ಣ ತಪ್ಪುಗಳನ್ನು ಪೊಲೀಸರ ಬಳಿಯೇ ದಂಡ ಕಟ್ಟಿ ಮುಗಿಸಿಕೊಳ್ಳಬಹುದು. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಇದಕ್ಕೆ ದಾರಿ ಮಾಡಿಕೊಟ್ಟಿದೆ. ಕಟ್ಟದಿದ್ದರೆ ಪೊಲೀಸರು ಪ್ರಕರಣವನ್ನು ಮ್ಯಾಜಿಸ್ಟ್ರೇಟ್ ಮುಂದೆ ಇಡಬಹುದು. ಆಗ ಸಮನ್ಸ್ ಬರುತ್ತದೆ. ತಪ್ಪು ಒಪ್ಪಿಕೊಂಡರೆ ಕೋರ್ಟ್ ದಂಡ ಹಾಕಿ ಪ್ರಕರಣ ಮುಗಿಸುತ್ತದೆ. ಒಪ್ಪದಿದ್ದರೆ ವಿಚಾರಣೆ ನಡೆಯುತ್ತದೆ, ತಪ್ಪನ್ನು ಸಾಬೀತು ಮಾಡುವ ಹೊಣೆ ಪೊಲೀಸರದು. ಸಣ್ಣ ಪ್ರಕರಣಗಳಲ್ಲಿ ಖುದ್ದು ಹಾಜರಾಗದೆ ತಪ್ಪೊಪ್ಪಿಕೊಂಡು ಹಣ ಕಳಿಸಲೂ 208ನೇ ಸೆಕ್ಷನ್ ಅವಕಾಶ ಕೊಡುತ್ತದೆ.

ಕುಡಿದು ಓಡಿಸಿದ್ದರೆ ಈ ಸುಲಭ ದಾರಿ ಇಲ್ಲ, ಅದು ಕೋರ್ಟಿನಲ್ಲೇ ಇತ್ಯರ್ಥವಾಗಬೇಕು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಾಂಶ ಕಂಡರೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು ಅಥವಾ ಎರಡೂ ಆಗಬಹುದು. ಅಪ್ರಾಪ್ತ ಮಕ್ಕಳ ಕೈಗೆ ಗಾಡಿ ಕೊಟ್ಟರೆ ಪೋಷಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು.

ಮಾರಿದ ಗಾಡಿಯ ನೋಟಿಸ್ ನಮಗೇಕೆ?

ಕ್ಯಾಮೆರಾ ಓದುವುದು ನಂಬರ್ ಪ್ಲೇಟನ್ನು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರಿಗೇ ನೋಟಿಸ್ ಬರುತ್ತದೆ. ಗಾಡಿ ಮಾರಿ ಹೆಸರು ಬದಲಾಯಿಸದಿದ್ದರೆ ಬೇರೆಯವರ ತಪ್ಪಿಗೂ ನಾವೇ ಉತ್ತರಿಸಬೇಕಾಗುತ್ತದೆ. ರಾಜ್ಯದೊಳಗೆ ಮಾರಿದರೆ 14 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕೆನ್ನುವುದು ಕಾನೂನು.

ಇನ್ನೆರಡು ಫಾರ್ವರ್ಡ್‌ಗಳು

• “ಚಪ್ಪಲಿ, ಲುಂಗಿ ಹಾಕಿ ಓಡಿಸಿದರೆ ದಂಡ”: ಸುಳ್ಳು. ಅಂಥ ನಿಯಮ ಇಲ್ಲವೆಂದು ಕೇಂದ್ರ ಸಾರಿಗೆ ಸಚಿವರ ಕಚೇರಿ 2019ರಲ್ಲೇ ಸ್ಪಷ್ಟಪಡಿಸಿದೆ.
• “ಮೊಬೈಲಿನಲ್ಲಿರುವ ಡಿಎಲ್ ನಡೆಯಲ್ಲ”: ಸುಳ್ಳು. ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ದಾಖಲೆಗೆ ಮಾನ್ಯತೆ ಇದೆ. ಬರೀ ಗ್ಯಾಲರಿಯಲ್ಲಿಟ್ಟ ಫೋಟೊ ಸಾಲದು.

ನಿಜವಾದ ಅಪಾಯ ಎಲ್ಲಿದೆ?

ರಿಯಾಯಿತಿ ಸುದ್ದಿಯ ಬೆನ್ನಿಗೇ ವಂಚಕರೂ ಬರುತ್ತಾರೆ. ‘ನಿಮ್ಮ ಚಲನ್ ನೋಡಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಎಪಿಕೆ ಫೈಲ್ ಕಳಿಸುತ್ತಾರೆ. ಅದನ್ನು ಇನ್‌ಸ್ಟಾಲ್ ಮಾಡಿದರೆ ಒಟಿಪಿ ಅವರ ಕೈಗೆ ಸಿಗುತ್ತದೆ, ಬ್ಯಾಂಕ್ ಖಾತೆ ಖಾಲಿಯಾಗಬಹುದು. ದಂಡ ನೋಡಲು ಯಾವ ಫೈಲೂ ಬೇಕಿಲ್ಲ. ಬೆಂಗಳೂರು ಸಂಚಾರ ಪೊಲೀಸರ ಅಧಿಕೃತ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಿ, ಇಲ್ಲವೇ ಹತ್ತಿರದ ಸಂಚಾರ ಠಾಣೆ ಅಥವಾ ಬೆಂಗಳೂರು ಒನ್ ಕೇಂದ್ರದಲ್ಲಿ ವಿಚಾರಿಸಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ನಮ್ಮ ತೀರ್ಮಾನ: ‘ಎಲ್ಲ ದಂಡ ಮನ್ನಾ’ ಎನ್ನುವುದು ಸುಳ್ಳು. ರಿಯಾಯಿತಿ ನಿಜವೇ, ಆದರೆ ಆದೇಶ ಇದ್ದಾಗ ಮಾತ್ರ. ದಿನಾಂಕ, ಆದೇಶ ಎರಡೂ ಇಲ್ಲದ ಸಂದೇಶ ಬಂದರೆ ಮುಂದಕ್ಕೆ ಕಳಿಸಬೇಡಿ.