ಕತ್ತಿ ಕಳೆದುಕೊಂಡವರ ಕುದುರೆ ಸವಾರ

ಹರಾಜಿನ ಕ್ಯಾಟಲಾಗ್‌ಗಳಲ್ಲಿ ಜಪಾನಿನ ಸಮುರಾಯ್ ಸವಾರನ ಕಂಚಿನ ಪ್ರತಿಮೆ ಕಂಡಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅವನ ಸೊಂಟದ ಕತ್ತಿಯತ್ತ. ಕೊಂಬಿನ ಶಿರಸ್ತ್ರಾಣ, ಎತ್ತಿದ ಗೊರಸು, ಕವಚದ ಪಟ್ಟಿಗಳನ್ನು ಹೆಣೆದ ದಾರ ಎಲ್ಲ ಆಮೇಲೆ. ಏಕೆಂದರೆ ಸಂಗ್ರಾಹಕರು ಹುಡುಕಿ ಕೊಳ್ಳುವ ಇಂಥ ಪ್ರತಿಮೆಗಳಲ್ಲಿ ಬಹಳಷ್ಟು ತಯಾರಾದದ್ದು 19ನೇ ಶತಮಾನದ ಕೊನೆಯಲ್ಲಿ. ಆ ಹೊತ್ತಿಗೆ ಜಪಾನಿನ ಹಳೆಯ ಸಮುರಾಯ್ ಮನೆತನದವನೊಬ್ಬ ಹೀಗೆ ಕತ್ತಿ ಸಿಕ್ಕಿಸಿಕೊಂಡು ಬೀದಿಗೆ ಬಂದಿದ್ದರೆ ಅದು ಅಪರಾಧ.

1871ರಲ್ಲಿ ಮೇಜಿ ಸರ್ಕಾರ ದೈಮ್ಯೊ ದೊರೆಗಳ ಸಂಸ್ಥಾನಗಳನ್ನು ರದ್ದು ಮಾಡಿತು. 1873ರಲ್ಲಿ ಕಡ್ಡಾಯ ಸೈನ್ಯಸೇವೆ ಬಂತು. ರೈತನ ಮಗನೂ ಬಂದೂಕು ಹಿಡಿದ. 1876ರಲ್ಲಿ ಸೈನಿಕರು, ಪೊಲೀಸರಂಥವರನ್ನು ಬಿಟ್ಟು ಉಳಿದವರು ಕತ್ತಿ ಧರಿಸಕೂಡದೆಂದು ಆಜ್ಞೆಯಾಯಿತು. ಇತಿಹಾಸದ ಪುಸ್ತಕಗಳು ಇಲ್ಲಿಂದ ಸೈಗೊ ತಕಮೋರಿಯ ದಂಗೆಯತ್ತ ಹೊರಳುತ್ತವೆ. ನನ್ನನ್ನು ಕಾಡುವವರು ಕತ್ತಿಯ ಅಲಂಕಾರವನ್ನೇ ನಂಬಿ ಬದುಕಿದ್ದ ಲೋಹದ ಕುಶಲಕರ್ಮಿಗಳು.

ಅವರ ವಿದ್ಯೆ ಸಾಮಾನ್ಯವಾದುದಲ್ಲ. ಹಿಡಿಗೂ ಅಲಗಿಗೂ ನಡುವೆ ಕೂರುವ 'ತ್ಸುಬಾ' ಎಂಬ ಅಂಗೈಯಗಲದ ಬಿಲ್ಲೆಯ ಮೇಲೆ ಅವರು ಮಳೆ, ಜೊಂಡು, ಹಾರುವ ಹಕ್ಕಿಯನ್ನು ಮೂಡಿಸಬಲ್ಲವರು. ತಾಮ್ರಕ್ಕೆ ಚೂರು ಚಿನ್ನ ಬೆರೆಸಿ, ದ್ರಾವಣದಲ್ಲಿ ಕುದಿಸಿ ನೀಲಿಗಪ್ಪು ಬಣ್ಣ ಬರಿಸುವುದು 'ಶಾಕುದೊ'. ಬೆಳ್ಳಿ ಬೆರೆಸಿ ಬೂದುಬಣ್ಣ ತರುವುದು 'ಶಿಬುಇಚಿ'. ಇವರಲ್ಲಿ ಕಾನೊ ನತ್ಸುವೊನಂಥ ಹೆಸರಾಂತ ಕೆಲಸಗಾರ ಹೊಸ ಸರ್ಕಾರದ ನಾಣ್ಯಗಳಿಗೆ ಅಚ್ಚು ಕೊರೆದ. ಉಳಿದವರಲ್ಲಿ ಅನೇಕರಿಗೆ ದಾರಿಯಾದದ್ದು ವಿದೇಶಿ ಗಿರಾಕಿ. 1873ರ ವಿಯೆನ್ನಾ ಪ್ರದರ್ಶನದ ಹೊತ್ತಿಗೆ ಜಪಾನಿನ ಕರಕುಶಲ ವಸ್ತುಗಳಿಗೆ ಯುರೋಪಿನಲ್ಲಿ ಮಾರುಕಟ್ಟೆ ತೆರೆದಿತ್ತು. ಹೂದಾನಿ, ಧೂಪದ ಪಾತ್ರೆಗಳ ಜೊತೆಗೆ ಯೋಧರ ಪ್ರತಿಮೆಗಳೂ ಹಡಗು ಹತ್ತಿದವು. ಯೊಕೊಹಾಮಾದ ಮಿಯಾವೊ ಐಸುಕೆಯ ಕಾರ್ಯಾಗಾರ ಚಿನ್ನದ ಲೇಪವಿದ್ದ ಇಂಥ ಕಂಚಿನ ಸಮುರಾಯ್‌ಗಳಿಗೇ ಹೆಸರಾಯಿತು.

ನಿಜವಾದ ಕತ್ತಿಗೆ ಗಿರಾಕಿಯಿಲ್ಲದ ಕಾಲದಲ್ಲಿ ಬೆರಳುದ್ದದ ಕತ್ತಿಗೆ ಲಂಡನ್ನಿನಲ್ಲಿ ಬೆಲೆ ಬಂತು! ಕೊಂಡವರು ಪ್ರಾಚೀನ ಜಪಾನನ್ನೇ ಮನೆಗೆ ತಂದೆವೆಂದುಕೊಂಡಿರಬೇಕು. ಅವರು ತಂದದ್ದು ಆಗಷ್ಟೇ ಹುಟ್ಟಿದ ರಫ್ತು ಉದ್ಯಮದ ಸರಕು. ಆದರೂ ಇದನ್ನು ನಕಲಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಕೈ ಹಳೆಯದೇ.

ಸ್ವದೇಶದಲ್ಲೇ ನಿಂತ ಸವಾರನೊಬ್ಬನ ಕಥೆ ಬೇರೆ. 1636ರಲ್ಲಿ ತೀರಿಕೊಂಡ ದಾತೆ ಮಸಮುನೆ ಎಂಬ ದೊರೆಯ ಅಶ್ವಾರೋಹಿ ಪ್ರತಿಮೆಯನ್ನು ಶಿಲ್ಪಿ ಕೊಮುರೊ ತೋರು ರೂಪಿಸಿದ. 1935ರಲ್ಲಿ ಅದನ್ನು ಸೆಂದಾಯ್ ಕೋಟೆಯ ಬೆಟ್ಟದ ಮೇಲೆ ನಿಲ್ಲಿಸಿದರು. 1944ರಲ್ಲಿ ಯುದ್ಧಕ್ಕೆ ಲೋಹ ಬೇಕಾದಾಗ ಸರ್ಕಾರವೇ ಆ ವೀರನನ್ನು ಕುದುರೆಸಮೇತ ಇಳಿಸಿ ಒಯ್ದಿತು. ಮಾರಾಟವಾಗಿ ಸಮುದ್ರ ದಾಟಿದ್ದ ಪುಟ್ಟ ಸವಾರರು ಮಾತ್ರ ಆ ಸಂಗ್ರಹಣೆಯ ಕೈಗೆ ಸಿಗಲಿಲ್ಲ.

1953ರಲ್ಲಿ ಅದೇ ಜಾಗದಲ್ಲಿ ಕುದುರೆಯಿಲ್ಲದ ಕಾಂಕ್ರೀಟಿನ ಮಸಮುನೆ ನಿಂತ. ಮೊದಲಿನ ಅಚ್ಚು ಉಳಿದಿದ್ದರಿಂದ 1964ರಲ್ಲಿ ಸವಾರನನ್ನು ಮತ್ತೆ ಎರಕ ಹೊಯ್ದರು. ಈಗ ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವುದು ಅವನ ಜೊತೆ. 1935ರ ಮೂಲ ಕಂಚಿನಲ್ಲಿ ಯುದ್ಧದ ನಂತರ ಸಿಕ್ಕಿದ್ದು ಎದೆಯಿಂದ ಮೇಲಿನ ಭಾಗವಷ್ಟೇ. ಬೆಟ್ಟದ ಕೆಳಗೆ, ನಗರದ ವಸ್ತುಸಂಗ್ರಹಾಲಯದ ಆವರಣದಲ್ಲಿ ಅದನ್ನು ಇರಿಸಿದ್ದಾರೆ. ಅದಕ್ಕೆ ಸೊಂಟವೂ ಇಲ್ಲ, ಕತ್ತಿಯೂ ಇಲ್ಲ.