ಗುಳ್ಳೆಯೇಳುವ ದ್ರಾಕ್ಷಾರಸ ಮತ್ತು ಗಾಜಿನ ಲೋಟ

ಫ್ರಾನ್ಸಿನ ಶಾಂತಿಯಿ ಅರಮನೆಯ ಸಂಗ್ರಹಾಲಯದಲ್ಲಿ ಜಾನ್ ಫ್ರಾನ್ಸ್ವಾ ದ ತ್ರುವಾ ಎಂಬ ಕಲಾವಿದನು ೧೭೩೫ರಲ್ಲಿ ರಚಿಸಿದ ವರ್ಣಚಿತ್ರವೊಂದಿದೆ. ಹದಿನೈದನೆಯ ಲೂಯಿ ದೊರೆ ತನ್ನ ವರ್ಸೇಲ್ಸ್ ಅರಮನೆಗಾಗಿ ಬರೆಸಿದ ಚಿತ್ರವದು. ಗಣ್ಯರು ಸಿಂಪಿಗಳನ್ನು ಸವಿಯುತ್ತಾ ಕುಳಿತಿದ್ದಾರೆ; ಕೆಲವರ ದೃಷ್ಟಿ ಮಾತ್ರ ಮೇಲಕ್ಕೆ ನೆಟ್ಟಿದೆ. ಶಾಂಪೇನಿನ ಸೀಸೆಯಿಂದ ಚಿಮ್ಮಿದ ಬಿರಡೆ ಗಾಳಿಯಲ್ಲಿದೆ! ಅವರ ಲೋಟಗಳು ಲಾಳಿಕೆಯಂತೆ ಕೆಳಗೆ ಕಿರಿದಾಗಿವೆ. ಕೆಲವನ್ನು ಪಿಂಗಾಣಿ ಬಟ್ಟಲುಗಳಲ್ಲಿ ಬೋರಲು ಹಾಕಲಾಗಿದೆ. ಅಂದಿನ ಶಾಂಪೇನಿನಲ್ಲಿ ಗಷ್ಟು ಉಳಿಯುತ್ತಿತ್ತು. ಅದು ಬಸಿದುಹೋಗಲೆಂದೇ ಹೀಗೆ ಇಟ್ಟಿರಬೇಕು.

ಈ ಪಾನೀಯವನ್ನು ಕಂಡುಹಿಡಿದವರು ಬೆನೆಡಿಕ್ಟಿನ್ ಸಭೆಯ ಸನ್ಯಾಸಿ ಡೋಮ್ ಪಿಯೇರ್ ಪೆರಿನ್ಯೋನ್ ಎಂಬ ಕಥೆಯನ್ನು ನಾನೂ ಬಹುಕಾಲ ಅಭಿಮಾನದಿಂದ ನಂಬಿದ್ದೆ. ಅವರು ೧೬೬೮ರಿಂದ ೧೭೧೫ರಲ್ಲಿ ನಿಧನರಾಗುವವರೆಗೆ ಓವಿಲ್ಲೇರ್ ಮಠದ ಉಗ್ರಾಣದ ಹೊಣೆ ಹೊತ್ತಿದ್ದರೆಂಬುದು ನಿಜ. ಬೇರೆ ಬೇರೆ ತೋಟಗಳ ದ್ರಾಕ್ಷಿಯನ್ನು ಹದವರಿತು ಬೆರೆಸುವುದರಲ್ಲಿ ಅವರು ನಿಪುಣರು. ಆದರೆ ಗುಳ್ಳೆಯೇಳುವುದು ಅವರ ಕಾಲದಲ್ಲಿ ದೋಷವೆನಿಸಿತ್ತು. ಅದನ್ನು ಅವರ ಆವಿಷ್ಕಾರವೆಂದು ಸಾರಿದವರು ಅದೇ ಮಠದಲ್ಲಿದ್ದ ಡೋಮ್ ಗ್ರೂಸಾರ್, ಅದೂ ೧೮೨೧ರಲ್ಲಿ. ಮಠಾಭಿಮಾನ ದೊಡ್ಡದಿರಬಹುದು, ಸತ್ಯ ಅದಕ್ಕಿಂತ ದೊಡ್ಡದು. ಸಕ್ಕರೆ ಬೆರೆಸಿ ದ್ರಾಕ್ಷಾರಸವನ್ನು ಉಕ್ಕಿಸುವ ಪದ್ಧತಿಯನ್ನು ಕ್ರಿಸ್ಟಫರ್ ಮೆರೆಟ್ ಎಂಬ ಆಂಗ್ಲ ವೈದ್ಯನು ೧೬೬೨ರಲ್ಲೇ ಲಂಡನ್ನಿನ ವಿದ್ವಾಂಸರ ಮುಂದೆ ವಿವರಿಸಿದ್ದನು. ಕಲ್ಲಿದ್ದಲಿನ ಕುಲುಮೆಯಲ್ಲಿ ಕಾಯಿಸಿದ ಇಂಗ್ಲಿಷ್ ಗಾಜು ಗಟ್ಟಿಯಾಗಿತ್ತು. ಇಂದಿನ ಶಾಂಪೇನ್ ಸೀಸೆಯೊಳಗಿನ ಒತ್ತಡ ವಾಯುಮಂಡಲದ ಐದಾರು ಪಟ್ಟು. ದುರ್ಬಲವಾದ ಗಾಜು ಅದನ್ನು ತಾಳುವುದುಂಟೇ?

ಹತ್ತೊಂಬತ್ತನೆಯ ಶತಮಾನದಲ್ಲಿ ಬಾಯಿ ಅಗಲವಾದ, ಆಳವಿಲ್ಲದ ‘ಕೂಪ್’ ಜನಪ್ರಿಯವಾಯಿತು. ರಾಣಿ ಮರಿ ಆಂತ್ವಾನೆತ್‌ಳ ಹೆಸರಿಗೆ ಈ ಬಟ್ಟಲನ್ನು ಅಂಟಿಸುವ ಕಟ್ಟುಕಥೆ ಅಸಭ್ಯವಾದುದು, ಇಲ್ಲಿ ಬೇಡ. ಅಂದು ಜನ ಬಯಸುತ್ತಿದ್ದ ಅತಿ ಸಿಹಿಯಾದ ಶಾಂಪೇನಿಗೆ ಆ ಆಕಾರ ಹೊಂದಿರಬಹುದು. ಆದರೆ ಅದರಲ್ಲಿ ಅನಿಲವೂ ಸುವಾಸನೆಯೂ ಬೇಗನೆ ಹಾರಿಹೋಗುತ್ತವೆ. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕೊಳಲಿನ ಹೆಸರು ಹೊತ್ತ ನೀಳವಾದ ‘ಫ್ಲೂಟ್’ ಅದರ ಸ್ಥಾನವನ್ನು ಆಕ್ರಮಿಸಿತು.

ನೀಳ ಲೋಟದಲ್ಲಿ ಗುಳ್ಳೆಗಳ ಸಾಲು ಕಣ್ಣಿಗೆ ಹಬ್ಬ. ಮೇಲೇರುತ್ತಾ ಅವು ದೊಡ್ಡದಾಗುತ್ತವೆ. ಒಡೆದಾಗ ಸೂಕ್ಷ್ಮ ಹನಿಗಳನ್ನು ಚಿಮ್ಮಿಸಿ ಪರಿಮಳವನ್ನು ಮೂಗಿಗೆ ತಲುಪಿಸುತ್ತವೆ. ಆದರೆ ಇದಕ್ಕೂ ಒಂದು ಮಿತಿಯುಂಟು. ರೀಮ್ಸ್ ವಿಶ್ವವಿದ್ಯಾಲಯದ ಜೆರಾರ್ ಲಿಜೇರ್ ಬೆಲೇರ್ ಮತ್ತು ಸಂಗಡಿಗರು ೨೦೧೨ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಫ್ಲೂಟಿನ ಬಾಯಲ್ಲಿ ಇಂಗಾಲದ ಡೈಆಕ್ಸೈಡ್ ಕೂಪಿನಲ್ಲಿರುವುದಕ್ಕಿಂತ ಹೆಚ್ಚು ದಟ್ಟವಾಗಿರುತ್ತದೆ. ಮೂಗು ಚುರುಗುಟ್ಟಿದರೆ ಪರಿಮಳ ತಿಳಿಯುವುದು ಹೇಗೆ? ಆದುದರಿಂದ ಹೊಟ್ಟೆ ಅಗಲವಾಗಿ, ಬಾಯಿ ತುಸು ಕಿರಿದಾದ ಟುಲಿಪ್ ಹೂವಿನಾಕಾರದ ಲೋಟವನ್ನು ಬಲ್ಲವರು ಈಗ ಮೆಚ್ಚುತ್ತಾರೆ.

ಮತ್ತೊಂದು ಸೋಜಿಗವೂ ಇದೆ. ಗುಳ್ಳೆ ಹುಟ್ಟುವುದು ಬಹುಮಟ್ಟಿಗೆ ಒರೆಸುವ ಬಟ್ಟೆಯಿಂದಲೋ ಗಾಳಿಯಿಂದಲೋ ಬಂದು ಲೋಟಕ್ಕೆ ಅಂಟಿದ ಸೂಕ್ಷ್ಮ ನಾರುಗಳಲ್ಲಿ. ಲವಲೇಶವೂ ಕೊಳೆಯಿಲ್ಲದ ನುಣುಪು ಗಾಜಿನಲ್ಲಿ ಗುಳ್ಳೆಗಳ ಸಾಲೇ ಕಾಣದು. ಹೀಗಾಗಿ ಕೆಲವು ತಯಾರಕರು ಲೋಟದ ತಳದಲ್ಲಿ ಬೇಕೆಂದೇ ಸಣ್ಣ ಗೀರುಗಳನ್ನು ಕೊರೆಯುತ್ತಾರೆ.